ಸೆಮಿಸ್ಟರ್ ಮುಗಿಯುವ ತಿಂಗಳು: ಮಕ್ಕಳ ಓದಿಗೆ ಅಡ್ಡ ಬರುವವರು ಯಾರು?

ಪರೀಕ್ಷೆ ಅಂದರೆ ಮಾರ್ಚ್ ತಿಂಗಳು ಎಂದು ತಿಳಿದು ಬೆಳೆದವರು ನಾವು. ವರ್ಷಕ್ಕೆ ಒಂದೇ ದೊಡ್ಡ ಪರೀಕ್ಷೆ. ಗೇರುಹಣ್ಣಿನ ವಾಸನೆ ಬರುವಾಗ ಪುಸ್ತಕ ಹಿಡಿದರೆ ಮಾವಿನಹಣ್ಣು ಬೀಳುವ ಹೊತ್ತಿಗೆ ರಜೆ. ಮನೆಯವರಿಗೂ ಇದು ಗೊತ್ತಿರುತ್ತಿತ್ತು. "ಮಕ್ಕಳ ಪರೀಕ್ಷೆ ಮುಗೀಲಿ, ಆಮೇಲೆ ಬರ್ತೇವೆ" ಎಂದು ನೆಂಟರೇ ಕಾಗದ ಬರೆಯುತ್ತಿದ್ದರು. ಆ ಒಂದು ತಿಂಗಳು ಮನೆಯಲ್ಲಿ ರೇಡಿಯೋ ಕೂಡ ಮೆತ್ತಗೆ ಮಾತಾಡುತ್ತಿತ್ತು.

ಈಗ ಕಾಲೇಜಿಗೆ ಹೋಗುವ ಮಕ್ಕಳಿಗೆ ವರ್ಷಕ್ಕೆ ಎರಡು ಸೆಮಿಸ್ಟರ್, ಎರಡು ಪರೀಕ್ಷೆ. ಆದರೆ ನಮ್ಮ ಮನೆಗಳ ಲೆಕ್ಕ ಇನ್ನೂ ಹಳೆಯದೇ. "ಇದು ಸಣ್ಣ ಪರೀಕ್ಷೆ ಅಲ್ವಾ, ಫೈನಲ್ ಮುಂದಿದೆ" ಎನ್ನುವ ತಾಯಂದಿರನ್ನು ನಾನು ಕುಮಟಾದ ಬಸ್ ಸ್ಟ್ಯಾಂಡಿನಲ್ಲೂ ಕಂಡಿದ್ದೇನೆ, ಭಟ್ಕಳದ ಮದುವೆ ಮನೆಯಲ್ಲೂ ಕಂಡಿದ್ದೇನೆ. ಸೆಮಿಸ್ಟರ್ ಪದ್ಧತಿಯಲ್ಲಿ ಸಣ್ಣ ಪರೀಕ್ಷೆ ಎಂಬುದು ಇಲ್ಲ ಸೋದರಿಯರೇ. ಮೂರು ವರ್ಷದ ಪದವಿಗೆ ಆರು ಸೆಮಿಸ್ಟರ್, ಆರೂ ಫೈನಲ್ಲೇ. ಯಾವುದೋ ಒಂದರಲ್ಲಿ ಒಂದು ಪೇಪರ್ ಉಳಿದರೂ ಪದವಿ ಕೈಗೆ ಬರುವುದಿಲ್ಲ.

ಕೊನೆಯ ತಿಂಗಳೇ ಏಕೆ ಇಷ್ಟು ಗಡಿಬಿಡಿ?

ಹೈಸ್ಕೂಲಿನವರೆಗೆ ಓದಿದ ನನ್ನಂಥವರಿಗೆ ಈ ಸೆಮಿಸ್ಟರ್ ವ್ಯವಹಾರ ಬೇಗ ತಲೆಗೆ ಹತ್ತುವುದಿಲ್ಲ. ಮಕ್ಕಳನ್ನು ಕೂರಿಸಿಕೊಂಡು ಕೇಳಿ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಒಂದು ಸೆಮಿಸ್ಟರಿಗೆ ಸುಮಾರು 90 ದಿನಗಳ ಪಾಠ ಆಗಬೇಕು. ಹೇಳಲು 90 ದಿನ. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಮಳೆಯೇ ಯಜಮಾನ. ರೆಡ್ ಅಲರ್ಟ್ ಬಂತೆಂದರೆ ಜಿಲ್ಲಾಧಿಕಾರಿಗಳು ಶಾಲೆ ಕಾಲೇಜಿಗೆ ರಜೆ ಸಾರುತ್ತಾರೆ. 2024ರ ಜುಲೈ 16ರಂದು ಪಕ್ಕದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆದದ್ದನ್ನು ಯಾರೂ ಮರೆತಿಲ್ಲ. ಇಂಥ ವರ್ಷಗಳಲ್ಲಿ ತಪ್ಪಿಹೋದ ಪಾಠಗಳೆಲ್ಲ ಕೊನೆಯ ವಾರಗಳಿಗೆ ಬಂದು ಬೀಳುತ್ತವೆ.

ಪಾಠದ ಜೊತೆಗೆ ಇಂಟರ್ನಲ್ ಟೆಸ್ಟ್, ಅಸೈನ್‌ಮೆಂಟ್, ಸೆಮಿನಾರ್, ಪ್ರಾಕ್ಟಿಕಲ್ ರೆಕಾರ್ಡ್, ವೈವಾ. ಇವುಗಳ ಅಂಕ ಪರೀಕ್ಷೆಗೆ ಮೊದಲೇ ನಿಗದಿಯಾಗಿಬಿಡುತ್ತದೆ. ಹಾಜರಿ ನೂರಕ್ಕೆ 75 ಇರಬೇಕು. ಆದ್ದರಿಂದ "ಇವತ್ತೊಂದಿನ ಕಾಲೇಜು ಬಿಡು, ಚಿಕ್ಕಮ್ಮ ಬಂದಿದ್ದಾಳೆ" ಎಂದು ನಾವು ಹೇಳುವ ಮಾತಿಗೂ ಒಂದು ಬೆಲೆ ತೆರಬೇಕಾಗುತ್ತದೆ.

ಇನ್ನು ಪರೀಕ್ಷೆಯ ತಾರೀಕು. ಅದು ನಮ್ಮ ಹಳೆಯ ಮಾರ್ಚ್ ತಿಂಗಳ ಹಾಗೆ ಖಾಯಂ ಅಲ್ಲ. 2020ರಲ್ಲಿ ಕೊರೊನಾ ಬಂದ ಮೇಲಂತೂ ಕೆಲವು ವರ್ಷ ವೇಳಾಪಟ್ಟಿ ಪೂರಾ ಅದಲುಬದಲಾಯಿತು. ಸಾಧಾರಣವಾಗಿ ಒಂದು ಪರೀಕ್ಷೆ ಚಳಿಗಾಲದ ಆಸುಪಾಸಿಗೆ, ಇನ್ನೊಂದು ಬೇಸಿಗೆ ತೀರಿ ಮಳೆ ಹಿಡಿಯುವ ಆಸುಪಾಸಿಗೆ ಬರುತ್ತದೆ. ನಮ್ಮ ಸೀಮೆಯಲ್ಲಿ ಹಬ್ಬ, ಜಾತ್ರೆ, ಆಟ, ಮದುವೆ, ತೋಟದ ಕೆಲಸ, ಎಲ್ಲವೂ ಸೇರಿಕೊಳ್ಳುವುದು ಇದೇ ಎರಡು ಕಾಲದಲ್ಲಿ. ಸಂಕಟ ಇರುವುದೇ ಇಲ್ಲಿ.

ಸುಲಭಕ್ಕೆ ಬಂದ ಕಾಲೇಜುಗಳಲ್ಲ

ನಮ್ಮ ಅಜ್ಜಂದಿರ ಕಾಲಕ್ಕೆ ಈ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮೆಟ್ರಿಕ್ ಮುಗಿಸಿದ ಹುಡುಗ ಮುಂದೆ ಓದಬೇಕೆಂದರೆ ಘಟ್ಟ ಹತ್ತಿ 1917ರಲ್ಲಿ ಶುರುವಾದ ಧಾರವಾಡದ ಕರ್ನಾಟಕ ಕಾಲೇಜಿಗೋ ದೂರದ ಮುಂಬಯಿಗೋ ಹೋಗಬೇಕು. ಹುಡುಗಿಯರ ಮಾತು ಬಿಡಿ. ಮನೆ ಬಿಟ್ಟು ಕಳಿಸುವವರು ಯಾರು?

ಭಟ್ಕಳದಲ್ಲಿ 1919ರಲ್ಲೇ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆ ಹುಟ್ಟಿತು. ಮುಂದೆ ಅದೇ ಸಂಸ್ಥೆಯಿಂದ ಪದವಿ ಕಾಲೇಜು, ಹೆಣ್ಣುಮಕ್ಕಳಿಗೇ ಬೇರೆ ಕಾಲೇಜು, 1980ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದವು. ಕುಮಟಾದ ಕಾಲೇಜಿಗೆ ಮುಂಬಯಿಯಲ್ಲಿ ಹೆಸರಾಂತ ಶಸ್ತ್ರವೈದ್ಯರಾಗಿದ್ದ ಡಾ. ಎ. ವಿ. ಬಾಳಿಗಾ ಅವರ ಹೆಸರಿದೆ. ಹೊನ್ನಾವರಕ್ಕೆ ಎಸ್.ಡಿ.ಎಂ. ಕಾಲೇಜು ಬಂತು. ಪಕ್ಕದ ಅಂಕೋಲೆಯಲ್ಲಿ ಚುಟುಕು ಕವಿ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಬಡವರ ಮಕ್ಕಳಿಗೆ ಶಾಲೆ ತೆರೆದರು.

ಕಾಲೇಜು ಹೀಗೆ ಬಸ್ಸಿನ ದಾರಿಗೆ ಬಂದದ್ದರಿಂದಲೇ ಮಂಕಿ, ಕಾಯ್ಕಿಣಿ, ಹಳದೀಪುರ, ಮಿರ್ಜಾನಿನ ಹೆಣ್ಣುಮಕ್ಕಳು ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವಂತಾಯಿತು. 1998ರ ಜನವರಿ 26ರಿಂದ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರಕಾರಿ ಬಸ್ಸಿನ ಟಿಕೆಟ್ ಕಾಸೂ ಇಲ್ಲ. ಹೆಣ್ಣುಮಗಳು ಮನೆಯಲ್ಲೇ ಇದ್ದು ಪದವಿ ಪಡೆಯುವುದಕ್ಕೆ ಇಷ್ಟು ಜನ, ಇಷ್ಟು ವರ್ಷ ದುಡಿದಿದ್ದಾರೆ. ಆದರೆ ಮನೆಯಲ್ಲೇ ಇದ್ದು ಓದುವ ಮಗಳಿಗೆ ಒಂದು ಕಷ್ಟವೂ ಇದೆ. ಹಾಸ್ಟೆಲಿನಲ್ಲಿದ್ದವಳನ್ನು ಯಾರೂ ಅಡಿಗೆಮನೆಗೆ ಕರೆಯುವುದಿಲ್ಲ. ಮನೆಯಲ್ಲಿದ್ದವಳನ್ನು ಕರೆಯದೇ ಇರುವುದಿಲ್ಲ.

ಮೊಬೈಲು, ಮ್ಯಾಚು, ಆಟ, ಕಡಲು

ಮಕ್ಕಳ ಗಮನ ಹಾಳಾಗುವುದು ಯಾವುದರಿಂದ ಎಂದು ನಾಲ್ಕು ತಾಯಂದಿರನ್ನು ಕೇಳಿ ನೋಡಿ. ನಾಲ್ವರೂ ಒಂದೇ ಉಸಿರಿಗೆ "ಮೊಬೈಲು" ಅನ್ನುತ್ತಾರೆ. ಸುಳ್ಳಲ್ಲ. ಓದಲಿಕ್ಕೆಂದು ಕೂತ ಹುಡುಗನ ಪುಸ್ತಕದ ನಡುವೆ ಮೊಬೈಲು ಇರುತ್ತದೆ. ಕೇಳಿದರೆ "ಆಯಿ, ನೋಟ್ಸ್ ಇದರಲ್ಲೇ ಕಳಿಸಿದ್ದಾರೆ" ಎಂಬ ಉತ್ತರ. ಅದೂ ನಿಜವೇ! ಮೇಷ್ಟ್ರ ನೋಟ್ಸೂ ಅದರಲ್ಲೇ, ಗೆಳೆಯರ ರೀಲ್ಸೂ ಅದರಲ್ಲೇ. ಒಂದನ್ನು ನೋಡಲು ಹೋದ ಕೈ ಇನ್ನೊಂದಕ್ಕೆ ಜಾರದೇ ಇರುವುದು ಹೇಗೆ?

ಅದರ ಮೇಲೆ ಕ್ರಿಕೆಟ್. 2008ರಲ್ಲಿ ಶುರುವಾದ ಐ.ಪಿ.ಎಲ್. ಬರುವುದೂ ಬೇಸಿಗೆಯ ಸೆಮಿಸ್ಟರ್ ಇಳಿಮುಖವಾಗುವ ಹೊತ್ತಿಗೇ. ಹದಿನೆಂಟು ವರ್ಷ ಕಾದು 2025ರ ಜೂನ್ 3ರಂದು ನಮ್ಮ ಆರ್.ಸಿ.ಬಿ. ಕಪ್ ಗೆದ್ದ ರಾತ್ರಿ ಪುಸ್ತಕ ತೆರೆದ ಹುಡುಗರು ಕರಾವಳಿಯಲ್ಲಿ ಎಷ್ಟು ಮಂದಿ ಇದ್ದರೋ, ದೇವರೇ ಬಲ್ಲ.

ಮತ್ತೆ ನಮ್ಮ ಸೀಮೆಯ ಯಕ್ಷಗಾನ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ನೆಲ ಇದು. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಹೊನ್ನಾವರ ತಾಲೂಕಿನವರೇ. ಚಂಡೆಯ ಪೆಟ್ಟು ಗದ್ದೆ ದಾಟಿ ಕಿವಿಗೆ ಬಿದ್ದರೆ ಅಜ್ಜನಿಗೂ ಕಾಲು ನಿಲ್ಲುವುದಿಲ್ಲ, ಮೊಮ್ಮಗನಿಗೂ ನಿಲ್ಲುವುದಿಲ್ಲ. ಜನವರಿಯಲ್ಲಿ ಮುರ್ಡೇಶ್ವರದ ತೇರು, ರಥಸಪ್ತಮಿಗೆ ಇಡಗುಂಜಿ ತೇರು, ಶಿವರಾತ್ರಿಗೆ ಗೋಕರ್ಣ, ರಾಮನವಮಿಗೆ ಭಟ್ಕಳದ ಹನುಮಂತ ದೇವರ ತೇರು. ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಾ ಬರುತ್ತದೆ. 2025ರಲ್ಲಿ ಅದು ಮಾರ್ಚ್ ತಿಂಗಳಲ್ಲಿತ್ತು. ಆಗ ಭಟ್ಕಳದ ಪೇಟೆ ರಾತ್ರಿಯೆಲ್ಲ ಎಚ್ಚರ.

ಇದನ್ನೆಲ್ಲ ಬಿಡಿಸಿ ಮಕ್ಕಳನ್ನು ಕೋಣೆಯಲ್ಲಿ ಕೂಡಿಹಾಕಬೇಕು ಎಂದು ನಾನು ಹೇಳುವುದಿಲ್ಲ. ಹಬ್ಬ ಹರಿದಿನ ನೋಡದೆ ಬೆಳೆದ ಮಕ್ಕಳು ಚೆನ್ನಾಗಿ ಓದುತ್ತಾರೆ ಎಂದು ಯಾರು ಹೇಳಿದ್ದಾರೆ? ತೇರು ಒಂದು ದಿನದ್ದು. ಆಟ ಒಂದು ರಾತ್ರಿಯದು. ಈಗ ಕಾಲಮಿತಿಯ ಆಟಗಳೂ ಬಂದಿವೆ, ನಡುರಾತ್ರಿಗೆ ಮನೆ ಸೇರಬಹುದು. ಇವು ಹೊರಗಿನ ಅಡ್ಡಿಗಳು, ಬಂದು ಹೋಗುವಂಥವು. ಬಂದು ಹೋಗದೆ ದಿನವೂ ಮನೆಯೊಳಗೇ ಕೂತಿರುವ ಅಡ್ಡಿ ಬೇರೆಯದೇ ಇದೆ.

"ತಂಗೀ, ಒಂಚೂರು ಬಾರೆ"

ಮೇ ತಿಂಗಳ ಒಂದು ಸಾಧಾರಣ ದಿನ ನೆನಪಿಸಿಕೊಳ್ಳಿ. ಹಲಸಿನಕಾಯಿ ಬಲಿತಿದೆ, ಮಳೆ ಬರುವ ಮೊದಲು ಹಪ್ಪಳ ಆಗಬೇಕು. ಬೇಯಿಸಿ, ಕಡೆದು, ಉಂಡೆ ಕಟ್ಟಿ, ಒತ್ತಿ, ಚಾಪೆಯ ಮೇಲೆ ಹರವಿ, ಸಂಜೆ ಎತ್ತಿಡಬೇಕು. ಉಪ್ಪಿನಕಾಯಿಗೆ ಮಿಡಿ ಬಂದಿದೆ. ಕೋಕಂ ಸಿಪ್ಪೆ ಒಣಗಬೇಕು. ಬೆಂಗಳೂರಿನ ಭಾವನ ಮಕ್ಕಳು ರಜೆಗೆ ಬಂದಿದ್ದಾರೆ. "ತಂಗೀ, ಒಂಚೂರು ಬಾರೆ, ಹಪ್ಪಳ ಒತ್ತಿಕೊಡು." ಒಂಚೂರು ಎಂದು ಕರೆದದ್ದು ಎರಡು ತಾಸು. ಪುಸ್ತಕದ ಎದುರು ಮತ್ತೆ ಕೂರುವಷ್ಟರಲ್ಲಿ "ಬಂದವರಿಗೆ ಚಾ ಮಾಡೇ". ಅದೇ ಹೊತ್ತಿಗೆ ತಮ್ಮ ಚಾವಡಿಯಲ್ಲಿ ಮ್ಯಾಚ್ ನೋಡುತ್ತಿರುತ್ತಾನೆ. ಅವನನ್ನು ಕರೆದವರುಂಟೆ?

ಒಂದೊಂದು ಮನೆಗೆ ಒಂದೊಂದು ಕೆಲಸ. ತೋಟವಿದ್ದವರಿಗೆ ಚಳಿಗಾಲದ ಪರೀಕ್ಷೆಯ ಹೊತ್ತಿಗೇ ಅಡಿಕೆ ಕೊಯ್ಲು, ಸುಲಿತ. ಕೊಯ್ಲಿನವರಿಗೆ ಆಸರಿ, ಊಟ, ಮನೆಯೆಲ್ಲ ಗದ್ದಲ. ಮೀನುಗಾರರ ಮನೆಯಲ್ಲಿ ತಾಯಿ ಬೆಳಕು ಹರಿಯುವ ಮೊದಲೇ ಬುಟ್ಟಿ ಹೊತ್ತು ಪೇಟೆಗೆ ಹೋದರೆ ಅಡಿಗೆ, ತಮ್ಮ ತಂಗಿಯರ ಡಬ್ಬಿ ಎಲ್ಲ ದೊಡ್ಡ ಮಗಳ ತಲೆಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಅದಕ್ಕೆ ಮೊದಲು ನಾಲ್ಕು ಕಾಸು ಕೂಡಿಡಬೇಕೆಂಬ ಧಾವಂತವೂ, ಮಗಳ ಬೇಸಿಗೆಯ ಪರೀಕ್ಷೆಯೂ ಒಟ್ಟೊಟ್ಟಿಗೇ ಬರುವುದುಂಟು. ಭಟ್ಕಳದ ಅನೇಕ ಮನೆಗಳಲ್ಲಿ ಅಪ್ಪನೋ ಅಣ್ಣನೋ ದುಬೈಯಲ್ಲಿ. ಅವರಿಗೆ ರಜೆ ಸಿಗುವುದು ವರ್ಷಕ್ಕೊಮ್ಮೆ. ಅವರು ಊರಿಗೆ ಬಂದ ಆ ಮೂವತ್ತು ದಿನದಲ್ಲೇ ಮದುವೆ, ಔತಣ, ಮನೆ ರಿಪೇರಿ ಎಲ್ಲವೂ ಮುಗಿಯಬೇಕು.

ಇವೆಲ್ಲ ಸೋಮಾರಿಗಳ ಕೆಲಸವಲ್ಲ, ಸಂಸಾರ ನಡೆಯಬೇಕಾದ ಕೆಲಸ. ಮಗಳು ಕೈಹಚ್ಚಬಾರದು ಎಂದೂ ಅಲ್ಲ. ನಾನು ಹೇಳುವುದು ಇಷ್ಟೇ: ಮೊಬೈಲು ಅವಳ ಒಂದು ತಾಸು ತಿಂದರೆ ನಮಗೆ ಕಾಣುತ್ತದೆ, ಕೂಗಾಡುತ್ತೇವೆ. ಮನೆ ಅವಳ ಮೂರು ತಾಸು ತಿಂದರೆ ನಮಗೆ ಕಾಣುವುದೇ ಇಲ್ಲ. "ಒಳ್ಳೆ ಹುಡುಗಿ, ಎಲ್ಲ ಕೆಲಸ ಮಾಡ್ತಾಳೆ" ಎಂದು ಹೊಗಳುತ್ತೇವೆ.

ಹದಿನೈದು ದಿನದ ಬೆಲೆ

ಎಲ್ಲಕ್ಕಿಂತ ದೊಡ್ಡ ಅಡ್ಡಿ ಕೊನೆಯ ವರ್ಷದ ಕೊನೆಯ ಸೆಮಿಸ್ಟರಿನಲ್ಲಿ ಬರುತ್ತದೆ. ಅದರ ಹೆಸರು ಹೆಣ್ಣು ನೋಡುವ ಶಾಸ್ತ್ರ.

ಹೊನ್ನಾವರ ತಾಲೂಕಿನ ನನ್ನ ಪರಿಚಯದ ಒಂದು ಮನೆಯ ಮಾತು. ಹುಡುಗಿ ಬಿ.ಕಾಂ. ಆರನೇ ಸೆಮಿಸ್ಟರಿನಲ್ಲಿದ್ದಳು. ಐದು ಸೆಮಿಸ್ಟರು ಒಂದೂ ಪೇಪರ್ ಬಿಡದೆ ಪಾಸಾಗಿದ್ದಳು. ಒಳ್ಳೆಯ ಸಂಬಂಧ ಬಂತು. ಹುಡುಗನಿಗೆ ರಜೆ ಇರಲಿಲ್ಲ, ಪರೀಕ್ಷೆ ಶುರುವಾಗಲು ಮೂರು ದಿನವಿದ್ದಾಗ ನಿಶ್ಚಿತಾರ್ಥ ಆಯಿತು. ಮನೆ ತುಂಬ ನೆಂಟರು, ಸೀರೆ ಆರಿಸುವುದು, ಫೋಟೋ. ರಾತ್ರಿ ಹುಡುಗನ ಫೋನು. ಅದು ತಪ್ಪೆಂದು ಯಾರು ಹೇಳುತ್ತಾರೆ? ಹುಡುಗಿ ಪರೀಕ್ಷೆ ಬರೆದಳು. ಒಂದು ಪೇಪರ್ ಹೋಯಿತು.

"ಮದುವೆ ಆದ ಮೇಲೆ ಕಟ್ಟಿದರಾಯ್ತು, ಒಂದೇ ಅಲ್ವಾ" ಎಂದರು ಎಲ್ಲರೂ. ಮದುವೆಯಾಗಿ ಬೆಂಗಳೂರಿಗೆ ಹೋದಳು. ಆ ಪೇಪರ್ ಮತ್ತೆ ಬಂದಾಗ ಅವಳಿಗೆ ಏಳು ತಿಂಗಳು. ಅದರ ಮುಂದಿನ ಸಲ ಕೂಸು ಚಿಕ್ಕದು. ಆಮೇಲೆ ಪುಸ್ತಕ ಎಲ್ಲಿ ಹೋಯಿತೋ! ಈಗ ಮಗುವನ್ನು ಶಾಲೆಗೆ ಕಳಿಸಿ ಏನಾದರೂ ಕೆಲಸ ಹಿಡಿಯೋಣವೆಂದರೆ ಎಲ್ಲಿ ಹೋದರೂ "ಡಿಗ್ರಿ ಆಗಿದೆಯಾ?" ಎಂಬುದೇ ಮೊದಲ ಪ್ರಶ್ನೆ. ಆಗಿದೆ ಎನ್ನುವ ಹಾಗಿಲ್ಲ, ಓದಿಲ್ಲ ಎನ್ನುವ ಹಾಗೂ ಇಲ್ಲ. ಅವಳ ತಾಯಿ ಒಂದು ದಿನ ನನ್ನ ಹತ್ತಿರ ಹೇಳಿದರು: "ಹದಿನೈದು ದಿನ ತಡೀರಿ ಅಂತ ಆವತ್ತು ಒಬ್ಬರೂ ಹೇಳಲಿಲ್ಲ ನೋಡು. ಹೇಳಿದ್ರೆ ಅವರೂ ತಡೀತಿದ್ರು."

ಅವರು ಹೇಳಿದ್ದು ನಿಜ ಎನ್ನುವುದಕ್ಕೆ ಭಟ್ಕಳದ ಇನ್ನೊಂದು ಮನೆಯ ಉದಾಹರಣೆ ಇದೆ. ಅಲ್ಲಿಯೂ ಗಂಡಿನ ಕಡೆಯವರು ಪರೀಕ್ಷೆಯ ವಾರವೇ ಬರುತ್ತೇವೆಂದರು. ಹುಡುಗಿಯ ತಾಯಿ ನೇರವಾಗಿ ಫೋನು ಮಾಡಿ, "ನಮ್ಮ ಹುಡುಗಿಯ ಕೊನೇ ಪರೀಕ್ಷೆ ಇಂಥ ತಾರೀಕಿಗೆ ಮುಗೀತದೆ, ಮರುದಿನವೇ ಬನ್ನಿ, ಊಟಕ್ಕೇ ಬನ್ನಿ" ಎಂದರು. "ಅಷ್ಟೇ ತಾನೇ" ಎಂದರಂತೆ ಅವರು. ಸಂಬಂಧವೂ ಕೂಡಿಬಂತು, ಡಿಗ್ರಿಯೂ ಆಯಿತು. ಹದಿನೈದು ದಿನ ಕಾಯಲಾರದ ಗಂಡಿನ ಕಡೆಯವರು ಮುಂದೆ ನಮ್ಮ ಮಗಳಿಗಾಗಿ ಇನ್ಯಾವುದಕ್ಕೆ ಕಾದಾರು? ಯೋಚಿಸಿ ನೋಡಿ.

ಮನೆಯಲ್ಲಿ ಮಾಡಬಹುದಾದ್ದು

ದುಡ್ಡು ಖರ್ಚಿಲ್ಲದ ಕೆಲವು ಉಪಾಯಗಳು ಇಲ್ಲಿವೆ. ನಮ್ಮ ಸುತ್ತಮುತ್ತಲ ಮನೆಗಳಲ್ಲಿ ನಡೆದು ಫಲ ಕೊಟ್ಟವು.

ತಾರೀಕು ಅಡಿಗೆಮನೆಗೆ ಬರಲಿ: ಸೆಮಿಸ್ಟರ್ ಶುರುವಾದಾಗಲೇ ಇಂಟರ್ನಲ್ ಯಾವಾಗ, ಪರೀಕ್ಷೆ ಅಂದಾಜು ಯಾವಾಗ ಎಂದು ಮಕ್ಕಳನ್ನು ಕೇಳಿ. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಸಿಲಿಂಡರಿನ ತಾರೀಕು ಬರೆಯುವ ಕಡೆಯೇ ಗುರುತು ಹಾಕಿ. ವೇಳಾಪಟ್ಟಿ ಬದಲಾದರೆ ತಿದ್ದಿ. ಯಾರಾದರೂ "ಬರ್ತೇವೆ" ಎಂದಾಗ ಮೊದಲು ಆ ಗುರುತು ನೋಡಿ ಉತ್ತರ ಕೊಡಿ.

ಎರಡು ತಾಸು ಯಾರದ್ದೂ ಅಲ್ಲ: ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು. ಆ ಹೊತ್ತಿಗೆ ಬೆಂಕಿ ಬಿದ್ದರೆ ಮಾತ್ರ ಕರೆಯುವುದು. ಉಳಿದ ಹೊತ್ತು ಕೆಲಸ ಹೇಳಿ, ಮಾಡುತ್ತಾರೆ. ಯಾವಾಗ ಕರೆ ಬರುತ್ತದೋ ಎಂಬ ಹೆದರಿಕೆಯಲ್ಲಿ ಇಡೀ ದಿನ ಪುಸ್ತಕ ಹಿಡಿದು ಕೂರುವುದಕ್ಕಿಂತ ನಿಶ್ಚಿಂತೆಯ ಎರಡು ತಾಸು ಮೇಲು. ಹಪ್ಪಳಕ್ಕೆ ಅಕ್ಕಪಕ್ಕದವರು ಮುಯ್ಯಾಳಿನಂತೆ ಒಬ್ಬರಿಗೊಬ್ಬರು ಸೇರಿಕೊಂಡರೆ ಮಗಳನ್ನು ಎಬ್ಬಿಸಬೇಕಾಗುವುದಿಲ್ಲ. ಮಗನಿಗೂ ಹಪ್ಪಳ ಹರವಲು ಬರುತ್ತದೆ, ಹೇಳಿ ನೋಡಿ!

ಮೊಬೈಲು ಮನೆಗೆಲ್ಲ ಒಂದೇ ನಿಯಮ: ಓದುವ ಹೊತ್ತಿಗೆ ಫೋನು ಚಾವಡಿಯ ಮೇಜಿನ ಮೇಲೆ ಇರಲಿ. ನೋಟ್ಸ್ ಅದರಲ್ಲೇ ಇದ್ದರೆ ಮೊದಲೇ ಕಾಗದಕ್ಕೆ ಇಳಿಸಿಕೊಳ್ಳಲಿ, ಇಲ್ಲವೇ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಲಿ. ಬರೆದುಕೊಂಡದ್ದು ಹೇಗೂ ಅರ್ಧ ಓದಿದಂತೆ. ಆದರೆ ಆ ಮೇಜಿನ ಮೇಲೆ ನಮ್ಮ ಫೋನೂ ಇರಬೇಕು. ನಾವು ವಾಟ್ಸಾಪಿನಲ್ಲಿ ಮುಳುಗಿ, ಒಳಗೆ ಧಾರಾವಾಹಿಯ ಅತ್ತೆ ಸೊಸೆ ಕೂಗಾಡುತ್ತಿದ್ದರೆ ಮಕ್ಕಳು ನಮ್ಮ ಮಾತು ಏಕೆ ಕೇಳಿಯಾರು?

ನಿದ್ದೆ ಕದಿಯಬಾರದು: ಹದಿನೆಂಟು ದಾಟಿದ ಮಕ್ಕಳಿಗೂ ರಾತ್ರಿ ಏಳರಿಂದ ಒಂಬತ್ತು ತಾಸು ನಿದ್ದೆ ಬೇಕು ಎಂದು ವೈದ್ಯರು ಹೇಳುತ್ತಾರೆ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ. ಇಡೀ ರಾತ್ರಿ ಎಚ್ಚರವಿದ್ದು ಚಾ ಕುಡಿದು ಓದಿದವರು ಪರೀಕ್ಷೆಯ ಹಾಲಿನಲ್ಲಿ ಕಣ್ಣು ಉಜ್ಜುತ್ತಾರೆ. ಮುಂಗಾರಿಗೆ ಮೊದಲ ಗುಡುಗು ಗಾಳಿಗೆ ತೆಂಗಿನ ಮಡಲು ತಂತಿಯ ಮೇಲೆ ಬಿದ್ದು ಕರೆಂಟು ಹೋಗುವುದು ನಮಗೇನು ಹೊಸದಲ್ಲ. ಆ ದಿನಗಳಲ್ಲಿ ಬೆಳಗಿನ ಬೆಳಕಿನ ಓದೇ ನೆಚ್ಚಿಗೆಯದು. ಚಾರ್ಜ್ ಮಾಡಿದ ದೀಪ ಒಂದು ಕೈಗೆಟಕುವಲ್ಲಿರಲಿ.

ಹೊಟ್ಟೆ ತಂಪಾಗಿರಲಿ: ಪರೀಕ್ಷೆಯ ದಿನ ಬೆಳಿಗ್ಗೆ ಕರಿದ ತಿಂಡಿ ಬೇಡ. ದೋಸೆ, ಇಡ್ಲಿ, ಇಲ್ಲವೇ ಕುಚ್ಚಲಕ್ಕಿ ಗಂಜಿಗೆ ಸ್ವಲ್ಪ ತುಪ್ಪ ಸಾಕು. ಬಸ್ಸಿನಲ್ಲಿ ಬೆವರಿ ಬಂದವರಿಗೆ ಕೋಕಂ ಪಾನಕ ಇದ್ದೇ ಇದೆ. ಮಧ್ಯಾಹ್ನ ಓದಬೇಕಾದ ದಿನ ಮಾತ್ರ ಅಪ್ಪೆಹುಳಿ ಬೇಡ. ಅಪ್ಪೆಹುಳಿ ಕುಡಿದರೆ ಕಣ್ಣು ಎಳೆಯುತ್ತದೆ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದನ್ನು ಪರೀಕ್ಷೆ ಮುಗಿದ ದಿನಕ್ಕೆ ಇಟ್ಟುಕೊಳ್ಳಿ, ಮಕ್ಕಳು ನೆಮ್ಮದಿಯಾಗಿ ಮಲಗಲಿ!

ಊಟಕ್ಕೆ ಒಂದೆಲಗದ ತಂಬುಳಿ ಮಾಡಿ. ಒಂದು ಹಿಡಿ ಒಂದೆಲಗದ ಎಲೆ ತೊಳೆದು, ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಬಾಡಿಸಿ. ಅರ್ಧ ಬಟ್ಟಲು ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ. ಎರಡು ಲೋಟ ಸಿಹಿಮಜ್ಜಿಗೆಯಲ್ಲಿ ಕಲಸಿ ಉಪ್ಪು ಹಾಕಿ, ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಡಿ. ಕುದಿಸುವ ಹಾಗಿಲ್ಲ. ಒಂದೆಲಗ ನೆನಪಿನ ಶಕ್ತಿಗೆ ಒಳ್ಳೆಯದೆಂದು ಹಿರಿಯರ ನಂಬಿಕೆ. ತಂಬುಳಿ ಉಂಡ ಮಾತ್ರಕ್ಕೆ ಓದದ ಪಾಠ ಬರಲಿಕ್ಕಿಲ್ಲ. ಆದರೆ ಸೆಖೆಯ ದಿನ ಹೊಟ್ಟೆ ತಂಪಾಗಿರುವುದಂತೂ ಖಂಡಿತ.

ಬಸ್ಸಿನ ಲೆಕ್ಕ: ಪರೀಕ್ಷೆಯ ದಿನ ದಿನದ ಬಸ್ಸಿಗಿಂತ ಒಂದು ಬಸ್ಸು ಮುಂಚೆ ಹೊರಡಿಸಿ. ಟಿಕೆಟ್ ಇಲ್ಲದಿದ್ದರೂ ಹೆಣ್ಣುಮಕ್ಕಳ ಬ್ಯಾಗಿನಲ್ಲಿ ಆಟೋಕ್ಕಾಗುವಷ್ಟು ದುಡ್ಡಿರಲಿ. ಹಾಲ್ ಟಿಕೆಟ್, ಎರಡು ಪೆನ್ನು, ಗುರುತಿನ ಚೀಟಿ ಹಿಂದಿನ ರಾತ್ರಿಯೇ ತೆಗೆದಿಡಲಿ. ಹುಡುಗರಾದರೆ ಬೈಕು ಮನೆಯಲ್ಲೇ ಇರಲಿ. ಮಳೆ ಬಿದ್ದ ಹೆದ್ದಾರಿಯಲ್ಲಿ ತಡವಾಯಿತೆಂದು ಓಡಿಸುವ ಬೈಕಿನಷ್ಟು ಅಪಾಯ ಬೇರಿಲ್ಲ.

ಕೊನೆಯ ಪೇಪರ್ ಮುಗಿದ ಮೇಲೆ

ಕೊನೆಯ ಪೇಪರ್ ಬರೆದು ಹೊರಬಂದ ಮಕ್ಕಳಿಗೆ ಕಡಲು ಕಾಣುತ್ತದೆ. ಮುರ್ಡೇಶ್ವರ, ಕಾಸರಕೋಡ, ಕುಮಟಾದ ಬಾಡ, ವನ್ನಳ್ಳಿ, ಎಲ್ಲವೂ ಬಸ್ಸಿನ ದಾರಿಯಲ್ಲೇ. ಹೋಗಲಿ, ಅವರ ಸಂತೋಷಕ್ಕೆ ಕಲ್ಲು ಹಾಕುವುದು ಬೇಡ. ಆದರೆ 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದ ನಾಲ್ವರು ಶಾಲಾ ಬಾಲಕಿಯರು ಮುರ್ಡೇಶ್ವರದ ನೀರಿನಲ್ಲಿ ತೀರಿಕೊಂಡರು. ಕಡಲ ಪಕ್ಕದಲ್ಲೇ ಹುಟ್ಟಿದ್ದೇವೆಂಬ ಧೈರ್ಯ ಸೆಳೆತಕ್ಕೆ ಗೊತ್ತಾಗುವುದಿಲ್ಲ. ದಂಡೆಯ ಮೇಲೆ ಕೂತು ಗೋಳಿಬಜೆ ತಿಂದು ಬರಲಿ, ಕೆಂಪು ಬಾವುಟ ಕಂಡರೆ ಕಾಲೂ ತೋಯಿಸಬಾರದು. ಮಳೆಗಾಲದಲ್ಲಂತೂ ನೀರಿಗೆ ಇಳಿಯುವ ಮಾತೇ ಬೇಡ.

ಫಲಿತಾಂಶ ಬಂದು ಒಂದು ಪೇಪರ್ ಉಳಿಯಿತೆನ್ನಿ. ಆಗ ಪಕ್ಕದ ಮನೆಯವರ ಮಗಳ ಅಂಕ ಎತ್ತಿ ಆಡಬೇಡಿ. ಒಂದು ಪೇಪರ್ ಹೋದರೆ ಬಾಳು ಹೋಗುವುದಿಲ್ಲ, ಮತ್ತೆ ಬರೆಯುವ ಅವಕಾಶ ಬರುತ್ತದೆ. ಆ ಅವಕಾಶದ ತಾರೀಕನ್ನೂ ಅದೇ ಕ್ಯಾಲೆಂಡರಿನಲ್ಲಿ ಬರೆದಿಟ್ಟು, ಮರೆಯದೆ ಫೀ ಕಟ್ಟಿಸಿ ಬರೆಸುವುದು ನಮ್ಮ ಕೆಲಸ. ಮಗು ಊಟ ಬಿಟ್ಟಿತು, ಮಾತು ಬಿಟ್ಟಿತು, ರಾತ್ರಿ ಮಲಗುವುದಿಲ್ಲ ಎನಿಸಿದರೆ ಸುಮ್ಮನಿರಬೇಡಿ. ಸರಕಾರದ ಟೆಲಿ-ಮಾನಸ್ ಸಹಾಯವಾಣಿಯ ನಂಬರ್ 14416. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತಾಯಂದಿರೂ ಮಾತಾಡಬಹುದು.

ಮೂರು ವರ್ಷ ಓದಿಸುವ ಖರ್ಚಿಗೆ ನಾವು ಹಿಂದೆಮುಂದೆ ನೋಡುವುದಿಲ್ಲ. ಫೀ ಕಟ್ಟುತ್ತೇವೆ, ಬಂಗಾರ ಅಡವಿಟ್ಟಾದರೂ ಕಟ್ಟುತ್ತೇವೆ. ಆದರೆ ಸೆಮಿಸ್ಟರಿನ ಕೊನೆಯ ಆ ನಾಲ್ಕು ವಾರ ಮಕ್ಕಳಿಗೆ ಬೇಕಾದದ್ದು ದುಡ್ಡಲ್ಲ, ಹೊತ್ತು. ಹಪ್ಪಳ ನಾಲ್ಕು ದಿನ ಬಿಟ್ಟು ಆದೀತು. ನೆಂಟರು ಮುಂದಿನ ವಾರ ಬಂದಾರು. ಗಂಡಿನವರು ಹದಿನೈದು ದಿನ ಕಾದಾರು. ಪರೀಕ್ಷೆಯ ದಿನ ಮಾತ್ರ ಯಾರ ಮನೆಗಾಗಿಯೂ ಕಾಯುವುದಿಲ್ಲ. ಈ ಸಲ ಮಗಳು ಪುಸ್ತಕ ಹಿಡಿದು ಕೂತಾಗ "ಒಂಚೂರು ಬಾರೆ" ಎಂಬ ಮಾತು ಬಾಯಿಗೆ ಬಂದರೆ, ಒಮ್ಮೆ ಕ್ಯಾಲೆಂಡರಿನ ಕಡೆ ನೋಡಿ. ಆಮೇಲೆ ಕರೆಯುವುದೋ ಬೇಡವೋ, ನಿಮಗೇ ತಿಳಿಯುತ್ತದೆ.